ಕಟ್ಟಿದ ಚೀಲ ಬಿಚ್ಚುವವರಿಂದ

ಹಿರೇಗುಡ್ಡ, ಮೂವತ್ತೊಂದನೆಯ ಪದರ
ಆಷಾಢದ ನಲವತ್ತನೆಯ ದಿನ (ನಿಮ್ಮ ಲೆಕ್ಕಕ್ಕೆ ಕ್ರಿ.ಶ. 2263)

ಕಸ ಕಟ್ಟಿ ಬಾಗಿಲಾಚೆ ಇಡುವ ಹಿರಿಯರಿಗೆ, ಹೊನ್ನಾಜಿಯ ನಮಸ್ಕಾರಗಳು.

ಮೊದಲಿಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಬಿಸ್ಕತ್ತಿನ ಪೊಟ್ಟಣ, ಮದುವೆಯ ಕರೆಯೋಲೆ ಮತ್ತು ಔಷಧದ ಡಬ್ಬಿಗಳಿಂದ. ಹಾಗಾಗಿ ನನ್ನ ಮಾತು ಎಲ್ಲಾದರೂ ‘ತಂಪಾದ, ಒಣ ಜಾಗದಲ್ಲಿಡಿ’ ಎನ್ನುವ ಧಾಟಿಗೆ ಹೊರಳಿದರೆ ಬೇಸರಿಸಬೇಡಿ. ತಾರೀಖು ನೋಡಿ ಗಾಬರಿಯಾಗುವುದೂ ಬೇಡ. ನಮ್ಮಲ್ಲಿ ಮಳೆ ನಿಲ್ಲುವ ತನಕ ಆಷಾಢ ಮುಗಿಯುವುದಿಲ್ಲ.

ನಾವಿರುವುದು ನೀವು ಸುರಿದು ಸುರಿದು ಎಬ್ಬಿಸಿದ ಕಸದ ಗುಡ್ಡದ ಮೇಲೆ. ತಾಮ್ರ, ತಗಡು, ಪ್ಲಾಸ್ಟಿಕ್ಕು ಈಗ ಬೇರೆಲ್ಲೂ ಸಿಗದ ಕಾರಣ ಈ ಗುಡ್ಡವೇ ನಮ್ಮ ಅನ್ನ. ಮೇಲಿನಿಂದ ಒಂದೊಂದೇ ಪದರ ಬಗೆಯುತ್ತೇವೆ. ನಾವು ಕೆಳಗಿಳಿದಷ್ಟೂ ವರ್ಷಗಳು ಹಿಂದಕ್ಕೆ ಹೋಗುತ್ತವೆ. ಯಾವ ಪದರ ಯಾವ ವರ್ಷದ್ದೆಂದು ಹೇಳುವುದು ಹಾಲಿನ ಪ್ಯಾಕೆಟ್ಟು. ತಾರೀಖು ಅದರ ಮೇಲೇ ಇರುತ್ತದೆ. ನೀವು ಕತ್ತರಿಸಿ ಎಸೆದ ಅದರ ಮೂಲೆಗಳನ್ನು ಆರಿಸಿ ಆರಿಸಿ ನಮ್ಮ ಸೊಂಟ ಬಿದ್ದುಹೋಗಿದೆ, ಅದನ್ನು ಹೇಳದೆ ಇರಲಾರೆ. ಬೆಳಿಗ್ಗೆ ಅಂಬಲಿ ಕುಡಿದು ಕೆಲಸಕ್ಕೆ ಕೂರುತ್ತೇವೆ. ಅಗೆಯುವವರು ಚೀಲಗಳನ್ನು ಮೇಲಕ್ಕೆ ಕೊಡುತ್ತಾರೆ, ‘ಬಿಚ್ಚಾಳು’ಗಳು ಅವುಗಳ ಗಂಟು ಬಿಚ್ಚುತ್ತಾರೆ. ಚೀಲ ಕೊಯ್ದರೆ ಸೂರಿಗೆ ಹೊದಿಸಲು ಬರುವುದಿಲ್ಲ, ಗವಸು ತೊಟ್ಟ ಕೈಗೆ ನಿಮ್ಮ ಗಂಟು ಬಗ್ಗುವುದಿಲ್ಲ. ಆದ್ದರಿಂದ ಬರಿಗೈಯೇ ಗತಿ. ಬಿಚ್ಚಿದ್ದೆಲ್ಲ ‘ಮರುಮನೆ’ಗೆ ಹೋಗುತ್ತದೆ. ಅಲ್ಲಿ ತೊಳೆದು, ಬೇರ್ಪಡಿಸಿ, ಕರಗಿಸಿ ಮತ್ತೆ ಬಳಕೆಗೆ ತರುತ್ತಾರೆ. ನಾನು ಕೂತು ಬರೆಯುತ್ತಿರುವ ಮಣೆ ಒಂದು ಕಾಲದಲ್ಲಿ ನಿಮ್ಮ ಬಕೆಟ್ಟಾಗಿತ್ತು.

ನಮ್ಮಲ್ಲಿ ಗಂಟು ಹಾಕಿ ಕಟ್ಟುವುದು ಎರಡನ್ನು ಮಾತ್ರ: ಬಿತ್ತನೆಯ ಬೀಜ ಮತ್ತು ಬಾಣಂತಿಗೆ ಕಳಿಸುವ ಬೆಲ್ಲ. ಮಿಕ್ಕದ್ದೆಲ್ಲ ತೆರೆದ ಬುಟ್ಟಿಯಲ್ಲೇ ಓಡಾಡುತ್ತದೆ. ಹೀಗಾಗಿ ನನ್ನ ಅಕ್ಕ ಬೋರಾಜಮ್ಮ ಬಿಚ್ಚಾಳಾದ ಮೊದಲ ವರ್ಷ, ಉಳಿದ ಚೀಲಗಳಂತೆ ಒಂದಲ್ಲ, ಮೂರು ಗಂಟು ಬಿಗಿದ ಕಪ್ಪು ಚೀಲವೊಂದು ಸಿಕ್ಕಾಗ, ಒಳಗೆ ಬಹಳ ಬೆಲೆಯುಳ್ಳದ್ದೇ ಇದೆಯೆಂದು ಎಲ್ಲರೂ ನಂಬಿದೆವು. ಮನೆಗೆ ತಂದು ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಅಕ್ಕಪಕ್ಕದವರನ್ನೆಲ್ಲ ಕರೆದೆವು. ಅಕ್ಕ ನಗುನಗುತ್ತಾ ಕೈ ಹಾಕಿದಳು. ಒಳಗಿದ್ದದ್ದು ಒಡೆದ ಬಾಟಲಿ ಮತ್ತು ಮದ್ದಿನ ಸೂಜಿಗಳು. ಗಾಯ ಬಾತು ಕೀವಾಗಿ ಬಲಗೈಯ ಮೂರು ಬೆರಳು ತೆಗೆಸಬೇಕಾಯಿತು. ಬೇಡದ್ದನ್ನು ಇಷ್ಟು ಜೋಪಾನವಾಗಿ ಕಟ್ಟುವವರು ಇರುತ್ತಾರೆಂದು ನಮಗೆ ಹೊಳೆದೇ ಇರಲಿಲ್ಲ. ಅಂದಿನಿಂದ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಈಗಲೂ ಪೂರ್ತಿ ಹೋಗಿಲ್ಲ.

ಅರ್ಧ ಹೋದದ್ದು ಹೋದ ವರ್ಷ. ಒಂದು ಚೀಲದಲ್ಲಿ ಟೇಪು ಸುತ್ತಿದ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ದಪ್ಪ ಶಾಯಿಯಲ್ಲಿ ಯಾರೋ ಬರೆದಿದ್ದರು: ‘ಒಡೆದ ಗ್ಲಾಸ್ ಇದೆ. ಕೈ ಹಾಕಬೇಡಿ ಅಕ್ಕ.’ ಈಗ ಬಿಚ್ಚುವ ಕೆಲಸ ಬಿಟ್ಟು ಮರುಮನೆಯಲ್ಲಿ ನಿಮ್ಮ ಬರಹಗಳನ್ನು ಓದಿ ಹೇಳುವವಳು ನನ್ನ ಅಕ್ಕನೇ. ಎರಡು ಸಲ ಓದಿದಳು. ಆಮೇಲೆ, “ನೋಡೇ ಹೊನ್ನಾ, ಯಾರೋ ನನ್ನ ಅಕ್ಕ ಅಂತ ಕರ್ದವ್ರೆ. ವಸಿ ತಡವಾಗಿ ಸಿಕ್ತು, ಅಷ್ಟೇಯ” ಎಂದು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಅದನ್ನು ಕರಗಿಸಲು ಅವಳು ಇವತ್ತಿಗೂ ಕೊಟ್ಟಿಲ್ಲ. ಬರೆದ ಕೈ ಯಾರದೋ ಗೊತ್ತಿಲ್ಲ. ಅವರ ಮನೆ ತಣ್ಣಗಿರಲಿ.

ಇನ್ನು ನಾನು ಬರೆಯಲು ಕೂತ ಕಾರಣ. ನನ್ನ ಮಗಳು ಕಾಳಾಮಣಿಗೆ ಹತ್ತೊಂಬತ್ತು. ಬರುವ ಸೋಮವಾರ ಅವಳು ಮೊದಲ ಸಲ ಬಿಚ್ಚಾಳಾಗಿ ಕೂರುತ್ತಾಳೆ. ಬೇಡವೆಂದು ಹೇಳಿ ನೋಡಿದೆ, ಕೇಳಲಿಲ್ಲ. ದಿನಾ ದೊಡ್ಡಮ್ಮನ ಜಡೆ ಹೆಣೆಯುವವಳು ಅವಳೇ. ಬೋರಾಜಮ್ಮನ ಕೈಗೆ ಅದು ಆಗುವುದಿಲ್ಲವಲ್ಲ. ಜಡೆ ಹೆಣೆಯುವ ಮಗಳ ಬೆರಳುಗಳನ್ನು ನೋಡಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಸೋಮವಾರ ತೆರೆಯುವ ಪದರದಿಂದ ಈಗಾಗಲೇ ನಾಲ್ಕಾರು ಹಾಲಿನ ಪ್ಯಾಕೆಟ್ಟು ಇಣುಕಿವೆ. ಅವುಗಳ ಮೇಲಿರುವುದು ನೀವು ಈ ಪತ್ರ ಓದುತ್ತಿರುವ ವಾರದ ತಾರೀಖು.

ಕಸವೇ ಮಾಡಬೇಡಿ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಹಸಿಯದನ್ನು ಬೇರೆ ಇಡಿ. ಗಾಜು, ಸೂಜಿ, ಬ್ಲೇಡು ಇದ್ದರೆ ಡಬ್ಬಿಗೆ ಹಾಕಿ, ಮೇಲೆ ಅಳಿಸದ ಶಾಯಿಯಲ್ಲಿ ಎರಡು ಮಾತು ಬರೆಯಿರಿ. ನಾಳೆ ಬೆಳಿಗ್ಗೆ ಅದನ್ನು ನಿಮ್ಮ ಬಾಗಿಲಿಂದ ಎತ್ತುವ ಹೆಂಗಸಿಗೂ ಕೈಗಳಿವೆ. ಅವಳ ನಂತರ ಅದು ಬರುವುದು ನನ್ನ ಮಗಳ ಕೈಗೆ. ಅವಳು ಸೋಮವಾರ ಬಿಚ್ಚಬೇಕಾದ ಚೀಲ ಈಗ ನಿಮ್ಮ ಅಡುಗೆಮನೆಯ ಮೂಲೆಯಲ್ಲಿದೆ. ನೀವಿನ್ನೂ ಗಂಟು ಹಾಕಿಲ್ಲ.

ಹೊನ್ನಾಜಿ