ಯಾರು ಹೊಲಿದದ್ದು?

ರಾಯದುರ್ಗ
ಬುಧವಾರ, ೧೨ ಮಾರ್ಚ್ ೨೦೨೫

ಅಮ್ಮಾ,

ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳಿಸಲ್ಲ, ಅದಕ್ಕೇ ಈ ಕಾಗದ. ಭಾನುವಾರ ಚಿಕ್ಕತಿಮ್ಮಯ್ಯ ಮಾವ ಬಂದು ನಿನ್ನ ಅರಿಶಿನದ ದಾರ, ಚೀಟಿ ಎರಡೂ ಕೊಟ್ಟು ಹೋದರು. ದಾರವನ್ನು ಆಗಲೇ ಪಾಪು ಕೈಗೆ ಕಟ್ಟಿದೆ. ಮಗುವಿನ ಎದೆಯಲ್ಲಿ ತೂತಿದೆ ಅಂತ ಬಳ್ಳಾರಿ ಡಾಕ್ಟರು ಕೈಚೆಲ್ಲಿದ ಮೇಲೂ ನಿನ್ನದು ಒಂದೇ ಹಟ: ಶುಕ್ರವಾರ ಮಡಕಶಿರಕ್ಕೆ ಕರ್ಕೊಂಡು ಬಾ, ಹರಕೆ ಒಪ್ಪಿಸೋಣ, ಮಾಡಿದವನೇ ಸರಿ ಮಾಡ್ತಾನೆ. ಹೊಲಿಯುವವರಿಲ್ಲದೆ ಬಟ್ಟೆ ಆಗಲ್ಲ, ಮಾಡುವವನಿಲ್ಲದೆ ಇಷ್ಟು ದೊಡ್ಡ ಲೋಕ ಆಗುತ್ತದಾ, ಟೈಲರ್ ಆಗಿ ಇಷ್ಟೂ ತಿಳಿಯಲ್ಲವಾ ಅಂತ ಬೇರೆ ಬೈದಿದ್ದೀಯ.

ಅಯ್ಯೋ, ನಾನು ಎಂಥಾ ಟೈಲರ್ ಅಮ್ಮಾ? ಇಲ್ಲಿ ಜೀನ್ಸ್ ಪ್ಯಾಂಟಿಗೆ ಬರೀ ಜಿಪ್ ಕೂಡಿಸುವವಳು. ಜೇಬು ಪಕ್ಕದ ಮಿಷನ್ನಿನ ಪಾಪಕ್ಕನದು, ಸೊಂಟದ ಪಟ್ಟಿ ಇನ್ನೊಬ್ಬರದು, ಕತ್ತರಿಸಿದವನ ಮುಖವನ್ನೇ ನಾನು ನೋಡಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಪ್ಯಾಂಟನ್ನೂ ಪೂರ್ತಿ ಹೊಲಿದಿಲ್ಲ. ಕೆಟ್ಟ ಪೀಸು ವಾಪಸ್ ಬಂದರೆ, ಯಾರು ಹೊಲಿದದ್ದು ಅಂತ ಮಾಲೀಕರು ಕೂಗುತ್ತಾರೆ. ಎಲ್ಲರೂ ಪಕ್ಕದವರ ಕಡೆ ನೋಡುತ್ತೇವೆ. ಆಮೇಲೆ ಅದು ಮೂಲೆಗೆ ಬೀಳುತ್ತದೆ. ಬಿಚ್ಚಿ ಮತ್ತೆ ಹೊಲಿಯಲು ಯಾರಿಗೂ ಪುರುಸೊತ್ತಿಲ್ಲ.

ಲೋಕವನ್ನೂ ಹೀಗೇ ಮಾಡಿರಬೇಕು. ಒಬ್ಬನೇ ಮಾಡಿದ್ದರೆ ಹೋಗಿ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ನಮ್ಮ ಮನೆಯವರು ನೋಡಿದರೆ, ಮಾಡಿದವನೂ ಇಲ್ಲ ಮಣ್ಣೂ ಇಲ್ಲ, ಎಲ್ಲಾ ತಾನಾಗೇ ಆದದ್ದು ಅನ್ನುತ್ತಾರೆ. ಹಾಗಂದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ಯಾರೂ ಇಲ್ಲ ಅಂದರೆ ನಾನು ಯಾರನ್ನು ಬೈಯಲಿ, ಹೇಳು?

ಹರಕೆಗೆ ನಾವು ಬರಲ್ಲ. ಬಿಸಿಲು ಜಾಸ್ತಿ, ಬಸ್ಸೂ ರಶ್ಶು. ಪಾಪು ಈಗ ಅಳುತ್ತಿಲ್ಲ. ನೀನು ಬಿ.ಪಿ. ಮಾತ್ರೆ ಮರೆಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ಶ್ರೀಲತಾ

ತಾ.ಕ.: ಇಲ್ಲಿಗೇ ಮುಗಿಸಿ ಮಡಚಿಟ್ಟಿದ್ದೆ, ಮನಸ್ಸು ತಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಪಾಪು ಹೋಗಿಬಿಟ್ಟಳು ಅಮ್ಮಾ. ನಿನ್ನ ದಾರ ಕೈಯಲ್ಲೇ ಇತ್ತು. ನಿನಗೇನಾದರೂ ಆದೀತೆಂದು ಹೆದರಿ, ಅಲ್ಲಿಗೆ ಯಾರೂ ಹೇಳಬೇಡಿ ಅಂದಿದ್ದೆ. ಯುಗಾದಿಗೆಂದು ಅವಳಿಗೊಂದು ಫ್ರಾಕು ಹೊಲಿದಿಟ್ಟಿದ್ದೆ. ಕತ್ತರಿಸಿದ್ದು, ಕೂಡಿಸಿದ್ದು, ಗುಂಡಿ ಹಾಕಿದ್ದು ಎಲ್ಲಾ ನಾನೇ. ಬೆಳೆಯುತ್ತಾಳಲ್ಲ ಅಂತ ಸ್ವಲ್ಪ ದೊಡ್ಡದೇ ಮಾಡಿದ್ದೆ. ಅದನ್ನೇ ತೊಡಿಸಿ ಮಣ್ಣಿಗೆ ಕಳಿಸಿದೆವು. ಬಂದವರೆಲ್ಲ ನೋಡಿದರು. ಯಾರು ಹೊಲಿದದ್ದು ಅಂತ ಒಬ್ಬರೂ ಕೇಳಲಿಲ್ಲ.