ದಪ್ಪ ತಂತಿಯ ಮೂರನೆಯ ಮನೆ

ಶಹಾಪುರ
11 ನವೆಂಬರ್ 2018, ರವಿವಾರ

ಸುರಪುರದ ರಂಗಂಪೇಟೆಯ ಖಾಸಿಂಬೀಗೆ,

ಕೊಂಕಲ್ಲಿನ ದೇವಕಮ್ಮ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಒಲೆಗೆ ಹಾಕಬೇಡ. ಓದಿ ಆಮೇಲೆ ಹಾಕು. ಮೂವತ್ನಾಲ್ಕು ವರ್ಷ ಮಾತು ಬಿಟ್ಟವಳು ಈಗ ಯಾಕೆ ಬರೆಯುತ್ತಾಳೆ ಅಂತ ಕೇಳುತ್ತೀ. ಹೇಳುತ್ತೇನೆ, ತಡಿ. ಬಳೆ ಮಾರುವ ಚಮನಬೀ ನಿನ್ನ ಫೋನ್ ನಂಬರ್ ಕೊಟ್ಟಿದ್ದಾಳೆ. ಆದರೆ ಫೋನಿನಲ್ಲಿ ನನ್ನ ದನಿ ತಾನೇ ಏರುತ್ತದೆ, ಎರಡನೆಯ ಮಾತಿಗೇ ಜಗಳ. ಕಾಗದದಲ್ಲಾದರೆ ಬೈದದ್ದನ್ನು ಹೊಡೆದು ಹಾಕಬಹುದು. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು, ನೀನು ಏಳರ ತನಕ ಹೋದವಳು. ತಪ್ಪು ಹುಡುಕುತ್ತ ಕೂಡಬೇಡ.

ನಾನು ಬಾಸ್ ಗಿಟಾರ್ ಕಲಿಯುತ್ತಿದ್ದೇನೆ.

ನಗು. ನಕ್ಕು ಮುಗಿಸು. ನಿನಗೆ ನಗಲಿಕ್ಕೆ ಬರುತ್ತದೆ ಅಂತ ನನಗೆ ಗೊತ್ತು.

ನನ್ನ ಗಂಡ ಮರಿಲಿಂಗಪ್ಪನನ್ನು ನೀನು ನೋಡಿಲ್ಲ. ಬಾಯಿ ಹೆಚ್ಚು, ಮನುಷ್ಯ ಒಳ್ಳೆಯವ. ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಕಾಲುವೆಗೆ ನೀರು ಬಂದ ಮೇಲೆ ಹೊಲಕ್ಕೊಂದು ಪಂಪು, ಪಂಪಿಗೊಂದು ಮೋಟರು ಆಯಿತು. ಮೋಟರು ಅಂದ ಮೇಲೆ ಸುಡಲೇಬೇಕು. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇವೆ. ಆತನ ಕಣ್ಣು ಮಂಜಾದ ಮೇಲೆ ಸುತ್ತುವವಳು ನಾನು, ಬಂದವರ ಸಂಗಡ ಹರಟೆ ಹೊಡೆಯುವವನು ಆತ.

ಶ್ರಾವಣದಲ್ಲಿ ಬಸವಂತ್ರಾಯ ಅನ್ನುವವನು ಬಂದ. ತಾಲೂಕು ಕಚೇರಿಯಲ್ಲಿ ಕ್ಲರ್ಕು, ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಾನೆ. ಕಂಬಳಿಯಲ್ಲಿ ಸುತ್ತಿದ ಉದ್ದನೆಯದೇನನ್ನೋ ಹೆಣದ ಹಾಗೆ ಟೇಬಲ್ಲಿನ ಮೇಲೆ ಮಲಗಿಸಿದ. "ಅಕ್ಕೋರ, ಇದರ ದನಿ ಸತ್ತು ಹೋಗ್ಯಾದ್ರಿ. ಹೈದರಾಬಾದಿಗಿ ಒಯ್ಯಿ ಅಂತಾರ. ಒಳಗ ತಂತಿ ಸುತ್ತಿರ್ತಾರಂತ, ಅದಕ ನಿಮ್ಮ ಹತ್ರ ತಂದೀನಿ" ಅಂದ. ಬಿಚ್ಚಿ ನೋಡಿದೆ. ಒಳಗೆ ಮ್ಯಾಗ್ನೆಟ್ಟು, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ. ಇದೂ ಮೋಟರೇ, ತಿರುಗುವುದಿಲ್ಲ ಅಷ್ಟೇ. ಅಂಥ ತಂತಿ ರೇಡಿಯೋ ರಿಪೇರಿಯವನ ಹತ್ತಿರ ಸಿಕ್ಕಿತು. ಎಂಟು ಸಾವಿರ ಸುತ್ತು. ನಡುವೆ ಮೂರು ಸಲ ಹರಿಯಿತು, ಮೂರು ಸಲವೂ ಗಂಡನನ್ನು ಬೈದೆ.

ಮೂರನೆಯ ದಿನ ಬಸವಂತ್ರಾಯ ಸ್ಪೀಕರ್ ತಂದು ಜೋಡಿಸಿ ಎಲ್ಲಕ್ಕಿಂತ ದಪ್ಪನೆಯ ತಂತಿ ಮೀಟಿದ. ಡಬ್ಬಿಯೊಳಗಿನ ನಟ್ಟು ಬೋಲ್ಟು ತಾವಾಗಿ ಗಿಲಿಗಿಲಿ ಅಂದವು. ಚಹಾದ ಮೇಲೆ ಸಣ್ಣ ಸಣ್ಣ ಬಳೆ ಎದ್ದವು. ನನ್ನ ಎದೆಯೊಳಗೆ ಯಾರೋ ಮಾತಾಡಿದ ಹಾಗಾಯಿತು. ಆ ದನಿಯ ಗುರುತು ನನಗಿತ್ತು, ಖಾಸಿಂಬೀ. ಅದು ನನ್ನದು. ಕಾಲುವೆ ಏರಿಯ ಮೇಲೆ ಬಿಟ್ಟು ಬಂದದ್ದು.

"ಕೂಲಿ ಬ್ಯಾಡ, ಇದನ್ನ ಬಾರಸೋದು ಕಲಸು" ಅಂದೆ. ಅವನ ಮುಖ ನೀನು ನೋಡಬೇಕಿತ್ತು. ಅವನು ಹೊಸದು ತಗೊಂಡಿದ್ದ, ಹಳೆಯದನ್ನು ಇಲ್ಲೇ ಬಿಟ್ಟ. ಈಗ ರವಿವಾರಕ್ಕೊಮ್ಮೆ ಬಂದು ಕಲಿಸುತ್ತಾನೆ. ಗಂಡ ಗಿರಾಕಿಗಳಿಗೆ ಹೇಳುತ್ತಾನೆ: "ಒಳಗ ಬರ್ರಿ, ಅಂಜಬ್ಯಾಡ್ರಿ. ಸದ್ದು ಮೋಟರಿಂದಲ್ಲ, ನಮ್ಮ ಮನಿಯವ್ಳದು."

ಈ ವಾದ್ಯಕ್ಕೆ ನಾಲ್ಕೇ ತಂತಿ. ಉದ್ದ ಕತ್ತು, ಅದರ ಮೇಲೆ ಅಡ್ಡಡ್ಡ ಕಂಬಿ. ಎರಡು ಕಂಬಿಯ ನಡುವಿನ ಜಾಗಕ್ಕೆ ಬಸವಂತ್ರಾಯ ಮನೆ ಅನ್ನುತ್ತಾನೆ. ಎಡಗೈ ಬೆರಳು ಮನೆ ಹಿಡಿಯಬೇಕು, ಬಲಗೈಯ ಎರಡು ಬೆರಳು ಒಂದಾದ ಮೇಲೊಂದು ತಂತಿ ಮೀಟುತ್ತ ನಡೆಯಬೇಕು. ಹೆಗಲಿಗೆ ಪಟ್ಟಿ ಹಾಕಿಕೊಂಡರೆ ಮಣ್ಣಿನ ಬುಟ್ಟಿಯಷ್ಟು ಭಾರ. ಮೊದಲ ತಿಂಗಳು ಬರೀ ಎರಡು ಬೆರಳು ನಡೆಸಿದೆ. ತಾಮ್ರ ಜಗ್ಗಿದ ಕೈ, ಜೋರು ಹೆಚ್ಚು. ಬೊಬ್ಬೆ ಎದ್ದು ಒಡೆದವು. "ಮೆಲ್ಲಗ ಅಕ್ಕೋರ, ಇದೇನು ಬಾವಿ ಹಗ್ಗ ಅಲ್ಲ" ಅಂತಾನೆ. ಇನ್ನೊಮ್ಮೆ, "ನೀವು ಭಾಳ ಬಾರಸ್ತೀರಿ, ನಡುವ ಒಂದೀಟು ಜಾಗ ಬಿಡ್ರಿ" ಅಂದ. "ಜಾಗ ಬಿಡಾಕ ಇದೇನು ಬಸ್ಸಿನ ಸೀಟೇನೋ?" ಅಂತ ಹಾಯ್ದೆ. ಅವನಿಗೆ ಸಿಟ್ಟು ಬರುವುದಿಲ್ಲ. ಅದಕ್ಕೂ ನನಗೆ ಸಿಟ್ಟು.

ಒಮ್ಮೆ ತಂತಿ ಸಡಿಲಾಗಿ ಶ್ರುತಿ ಇಳಿಯಿತು. ಅವನು ಬರುವುದು ರವಿವಾರ. ಕಾಯುವ ಜಾತಿಯೇ ನಾನು? ರಿಪೇರಿಯಾದ ಮೋಟರೊಂದನ್ನು ಚಾಲು ಮಾಡಿ ಬಿಟ್ಟೆ. ಅದರ ಗುಂಯ್ ಅನ್ನುವ ದನಿಗೂ ದಪ್ಪ ತಂತಿಯ ಮೂರನೆಯ ಮನೆಗೂ ಹತ್ತಿರದ ಬಳಗ ಅಂತ ಮೊದಲೇ ಅನಿಸಿತ್ತು. ಕಿವಿ ಹಿಂಡಿದೆ, ಅಂದರೆ ತಂತಿ ಬಿಗಿಯುವ ತಿರುಪು. ಎರಡು ದನಿ ಕೂಡುವ ತನಕ ನಡುವೆ ಅಲೆ ಬೀಳುತ್ತದೆ, ಗುಂವ್, ಗುಂವ್, ಗುಂವ್. ಹತ್ತಿರ ಬಂದ ಹಾಗೆ ಅಲೆ ಉದ್ದವಾಗುತ್ತದೆ. ಕೂಡಿದ ಗಳಿಗೆ ನಿಂತುಬಿಡುತ್ತದೆ, ಗೇಟು ಇಳಿಸಿದ ಮೇಲೆ ಕಾಲುವೆ ನೀರು ನಿಲ್ಲುವ ಹಾಗೆ. ಬಸವಂತ್ರಾಯ ಬಂದು ಫೋನಿನಲ್ಲಿ ಶ್ರುತಿ ನೋಡಿ, "ಒಂದು ಕೂದಲೆಳಿ ಏರ್ಯಾದ ಅಷ್ಟ, ಯಾರು ಹಚ್ಚಿಕೊಟ್ರು?" ಅಂದ. "ಐದು ಎಚ್‌ಪಿ ಮೋಟರು" ಅಂದೆ.

ನನಗೆ ಎಲ್ಲಕ್ಕಿಂತ ಸೇರುವುದು ಕರೆಂಟು ಹೋದ ಮಧ್ಯಾಹ್ನ. ಕರೆಂಟಿಲ್ಲದಿದ್ದರೆ ಈ ಗಿಟಾರು ಮೂಕಿ, ಹತ್ತಿರ ಕೂತವರಿಗೂ ಕೇಳದು. ಮೋಟರಿನ ಬೇರಿಂಗು ಸವೆದಿದೆಯೋ ಇಲ್ಲವೋ ನೋಡಲು ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಮೋಟರಿಗೆ ಇಟ್ಟು ಹಿಡಿಕೆ ಕಿವಿಯ ಎಲುಬಿಗೆ ಹಚ್ಚಿ ಕೇಳುತ್ತೇವೆ. ಗಿಟಾರಿಗೂ ಹಾಗೇ ಮಾಡಿದೆ. ಮಡಿಲಲ್ಲಿ ಮಲಗಿಸಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಇನ್ನೊಂದು ಕೈಯಲ್ಲಿ ಸುಮ್ಮನೆ ದಪ್ಪ ತಂತಿ ಮೀಟುತ್ತೇನೆ. ಅಂಗಡಿಯೊಳಗೆ ಯಾರಿಗೂ ಕೇಳುವುದಿಲ್ಲ. ನನ್ನ ತಲೆಬುರುಡೆಯ ತುಂಬ ಅದೇ.

ಆಗ ಕಣ್ಣು ಮುಚ್ಚಿದರೆ ಕಾಲುವೆ ಬರುತ್ತದೆ. ನೀರಿನದಲ್ಲ, ನೀರು ಬರುವ ಮೊದಲಿನದು. ಅದನ್ನು ತೋಡುವ ಕೂಲಿಗೆ ಹೋಗಿ ಕಾಲುವೆಯ ತಳದಲ್ಲಿ ನಡೆದವರು ನಾವು, ನೆನಪಿದೆಯಾ? ಬುತ್ತಿ ಉಂಡು ಅದರ ನಡುವೆಯೇ ಸೆರಗು ಹಾಸಿ ಮಲಗುತ್ತಿದ್ದೆವು, ಎರಡೂ ಕಡೆ ಮಣ್ಣಿನ ಗೋಡೆ, ಮೇಲೆ ಒಂದು ಪಟ್ಟಿ ಮುಗಿಲು. ನನ್ನ ಕನಸಿನಲ್ಲಿ ನಾವಿಬ್ಬರೂ ಈಗಲೂ ಅಲ್ಲೇ ಮಲಗಿದ್ದೇವೆ. ನೀರು ಬಂದಿದೆ, ನಮ್ಮ ಮೇಲಿನಿಂದ ಹರಿಯುತ್ತಿದೆ, ನಾವು ಮುಳುಗಿಲ್ಲ. ಭತ್ತದ ಹಸಿರು ನೆರಳು ಮೇಲೆಲ್ಲೋ ಆಡುತ್ತದೆ. ನೀನು ಹಾಡುತ್ತಿದ್ದೀ. ದನಿ ನೀರಿನೊಳಗಿಂದ ಬಂದ ಹಾಗೆ ಬರುತ್ತದೆ, ದೂರದಿಂದ, ದಪ್ಪಗೆ, ನಿಧಾನಕ್ಕೆ. ನಾನು ಎದ್ದು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಕರೆಂಟು ಬರುತ್ತದೆ.

ನೀನು ಕಟ್ಟಿದ ಹಾಡು ನನಗೆ ಪೂರಾ ಇದೆ. "ಮಣ್ಣ ತೆಗೆದೇವ ಗೆಳತಿ, ದಾರಿ ಬಿಟ್ಟೇವ, ಕಾಣದ ನೀರಿಗಿ ದಾರಿ ಬಿಟ್ಟೇವ." ಬುಟ್ಟಿ ಹೊತ್ತು ಏರಿ ಹತ್ತುವಾಗ ನಿನಗೆ ಉಸಿರು ಸಾಲುತ್ತಿರಲಿಲ್ಲ. ಸಾಲಿನ ನಡುವೆ ನೀನು ನಿಂತು ಉಸಿರು ತಗೊಳ್ಳುವಾಗ ನಾನು ಕೆಳಗಿನ ದನಿಯನ್ನು ಬಿಡದೆ ಹಿಡಿದಿರುತ್ತಿದ್ದೆ, ಹಾಡಿನ ಎಳೆ ಹರಿಯಬಾರದು ಅಂತ. ಯಾರೂ ಹೇಳಿಕೊಟ್ಟದ್ದಲ್ಲ. ಬಸವಂತ್ರಾಯ ಹೇಳಿದ ಜಾಗದ ಮಾತು ನನಗೆ ತಡವಾಗಿ ತಿಳಿಯಿತು. ನೀನು ಹಾಡುವಾಗ ನಾನು ಬಿಡಬೇಕು, ನೀನು ಬಿಟ್ಟಲ್ಲಿ ನಾನು ಇರಬೇಕು.

ಆಮೇಲೆ ಆ ದಿನ. ಮೇಸ್ತ್ರಿ ಏರಿಯ ಮೇಲೆ ನಿಂತು, ನನ್ನ ದಪ್ಪ ದನಿ ಕೇಳಿ, "ಹೆಣ್ಮಕ್ಕಳ ನಡುವ ಯಾವ ಗಂಡಸು ಹಾಡಾಕತ್ತಾನಲೇ?" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಬುಟ್ಟಿ ಅವನ ಕಾಲ ಮೇಲೆ ಒಗೆದು ಹಿಂದೆ ನೋಡದೆ ಬಂದುಬಿಟ್ಟೆ. ನೀನು ನಿಕಾಹಿಗೆ ಕರೆಯಲು ಮನೆಗೆ ಬಂದಾಗ ಬಾಗಿಲು ತೆಗೆಯಲಿಲ್ಲ. ಆಮೇಲೆ ನೀನು ಎರಡು ಸಲ ಹೇಳಿ ಕಳಿಸಿದೆ. ಆಕೆ ಯಾರೋ ನನಗೆ ಗುರುತಿಲ್ಲ ಅಂತ ನಾನು ತಿರುಗಿ ಹೇಳಿ ಕಳಿಸಿದೆ. ಅವತ್ತಿನಿಂದ ನಾನು ಜೋಗುಳ ಕೂಡ ಹಾಡಲಿಲ್ಲ.

ಈಗ ಕಾರಣಕ್ಕೆ ಬರುತ್ತೇನೆ. ಸುಮ್ಮನೆ ಹುಚ್ಚಿಗೆ ಕಲಿಯಲು ಹಿಡಿದೆ ಅಂತ ಎಲ್ಲರಿಗೂ ಹೇಳಿದ್ದೇನೆ. ಆದರೆ ಬಸವಂತ್ರಾಯ ಬರುವ ಎಂಟು ದಿನ ಮೊದಲು ಚಮನಬೀ ಬಳೆ ಮಾರುತ್ತ ಅಂಗಡಿಗೆ ಬಂದಿದ್ದಳು. ನಿನ್ನ ಸುದ್ದಿ ಹೇಳಿದಳು. "ನಿನ್ನ ಗೆಳತಿಗಿ ದಮ್ಮ ಹತ್ತೇದವ್ವ. ಶಾದಿ ಮನಿಗಿ ಹಾಡಾಕ ಕರದ್ರೂ ಹೋಗವಲ್ಲಳು. ಎರಡು ಸಾಲಿಗೆ ಉಸರ ನಿಂದರ್ತದ, ಮಂದಿ ಮುಂದ ಹಾಡು ಮುರದ್ರ ನಾಚಿಕಿ ಅಂತಾಳ. ಹಾಡೋದ ಬಿಟ್ಟಾಳ." ಅವತ್ತು ರಾತ್ರಿ ನನಗೆ ರೊಟ್ಟಿ ಇಳಿಯಲಿಲ್ಲ. ಗಂಡನನ್ನು ಬೈಯಲೂ ಮನಸ್ಸಾಗಲಿಲ್ಲ, ಆತ ಅಂಜಿದ.

ಬರುವ ತಿಂಗಳ ಮೊದಲ ರವಿವಾರ ಶಹಾಪುರದ ಬಸ್ಸು ಹತ್ತು. ಬಸ್ ಸ್ಟ್ಯಾಂಡಿನಲ್ಲಿ ನಾನೇ ನಿಂತಿರುತ್ತೇನೆ. ತಲೆ ಬೆಳ್ಳಗಾಗಿದೆ, ದನಿಯಿಂದ ಗುರುತು ಹಿಡಿ. ಮಂದಿ ಇರುವುದಿಲ್ಲ. ಬಸವಂತ್ರಾಯ ಸ್ಪೀಕರ್ ಇಟ್ಟು ಹೊರಗೆ ಹೋಗುತ್ತೇನೆ ಅಂದಿದ್ದಾನೆ. ಗಂಡನನ್ನು ಹಾಲು ತರಲು ಅಟ್ಟುತ್ತೇನೆ. ನೀನು ಒಂದು ಸಾಲು ಹಾಡು. ಅರ್ಧ ಸಾಲಾದರೂ ಆಯಿತು. ನಡುವೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಉಸಿರು ತಗೋ. ನಾನು ಹಿಡಿದಿರುತ್ತೇನೆ. ಈ ತಂತಿಗೆ ದಮ್ಮು ಹತ್ತುವುದಿಲ್ಲ.

ಬರದಿದ್ದರೆ ಆ ಹಾಡಿನ ಕೆಳಗಿನ ಅರ್ಧವನ್ನಷ್ಟೇ ಬಾರಿಸುತ್ತ ಕೂಡುತ್ತೇನೆ. ಕೇಳಿದವರಿಗೆ ಅದು ಹಾಡು ಅಂತಲೂ ತಿಳಿಯುವುದಿಲ್ಲ.

ಬೆರಳು ನೋಯುತ್ತಿವೆ, ಇಷ್ಟು ಸಾಕು.

ನಿನ್ನ ಗಂಡುದನಿಯ ಗೆಳತಿ
ದೇವಕಮ್ಮ

ತಾ.ಕ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದು ಹಾಕಲು ಹೋದೆ, ಕಾಗದ ಹರಿಯುವ ಹಾಗಾಯಿತು, ಬಿಟ್ಟೆ. ಅವತ್ತು ನೀನು ನಕ್ಕಿರಲಿಲ್ಲ. ಎಲ್ಲರೂ ನಗುವಾಗ ನೀನೊಬ್ಬಳು ಬುಟ್ಟಿ ಇಳಿಸಿ ನನ್ನ ಕಡೆಗೆ ಬರುತ್ತಿದ್ದೆ. ನಾನು ನೋಡಿದ್ದೆ. ಅವತ್ತು ಮುಂಜಾನೆ ತಾನೆ ನೀನು ಸುರಪುರದಲ್ಲಿ ನಿಕಾಹ್ ಗೊತ್ತಾಯಿತು ಅಂತ ಹೇಳಿದ್ದೆ. ನೀನು ಹೋಗುತ್ತೀ ಅಂತ ಅಳಬೇಕಿತ್ತು. ನನಗೆ ಅಳಲು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಬಂದದ್ದನ್ನು ಮಾಡಿದೆ.