ಅಮ್ಮನಿಗೆ ಕಟ್ಟಿಸಿ ತಂದ ದೋಸೆ

ನನ್ನ ಅಪ್ಪನಿಗೆ,

ಮೊನ್ನೆ ಹಲಸೂರು ಕೆರೆ ಪಕ್ಕದ ಆ ಹೋಟೆಲಿನ ಮುಂದೆ ನನ್ನ ಬಸ್ಸು ನಿಂತಿತು. ಮಸಾಲೆ ದೋಸೆಯ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ಮೈ ಉರಿಯುತ್ತದೆ. ಯಾಕೆಂದು ನಿನಗೆ ಗೊತ್ತು. ಅಥವಾ ಕೊನೆಗೂ ಗೊತ್ತಾಗಲೇ ಇಲ್ಲವೋ...

ನೀನು ಅಮ್ಮನಿಗೆ ಹೊಡೆದ ದಿನ ಅಕ್ಕಪಕ್ಕದವರು ಯಾರಾದರೂ ಫೋನ್ ಬೂತಿನಿಂದ ನಿನ್ನ ಗೆಳೆಯ ಮುನಿರಾಜು ಮಾಮನಿಗೆ ಫೋನ್ ಮಾಡುತ್ತಿದ್ದರು. "ಬಾ ಮಗಾ, ಒಂದ್ ರೌಂಡ್ ಹೋಗ್ಬರೋಣ" ಎಂದು ಅವರು ನಿನ್ನನ್ನು ಸ್ಕೂಟರಿನಲ್ಲಿ ಕರೆದೊಯ್ದು, ಆ ಹೋಟೆಲಿನಲ್ಲಿ ಕಾಫಿ ಕುಡಿಸಿ, ಸಮಾಧಾನ ಮಾಡಿ ಮನೆಗೆ ತಂದು ಬಿಡುತ್ತಿದ್ದರು. ಜೊತೆಗೆ ಅಮ್ಮನಿಗೆಂದು ಕಟ್ಟಿಸಿದ ದೋಸೆ. "ತಿನ್ನಮ್ಮ ತಂಗಿ. ಪಾಪ, ಅವನ್ ತಲೆ ಕೆಟ್ಟಿತ್ತು ಅಷ್ಟೆ." ಪಾಪವಂತೆ. ತುಟಿ ಒಡೆದವಳು ದೋಸೆ ಹೇಗೆ ತಿನ್ನುತ್ತಾಳೆಂದು ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಫ್ಯಾಕ್ಟರಿಯಲ್ಲಿ ನಿನ್ನ ಕಾಲು ಮುರಿದಾಗ ಮುನಿರಾಜು ಮಾಮ ಮತ್ತು ನಿನ್ನ ಉಳಿದ ಗೆಳೆಯರು ಸರದಿಯ ಮೇಲೆ ಆಸ್ಪತ್ರೆಯಲ್ಲಿ ಮಲಗಿದರು, ರಕ್ತ ಕೊಟ್ಟರು. ಅಂಥ ಗೆಳೆಯರು ಎಷ್ಟು ಜನಕ್ಕಿದ್ದಾರೆ? ಆದರೆ "ಯಾಕೋ ಹೊಡ್ದೆ?" ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ಗಂಡಸಿನ ಮರ್ಯಾದೆ ಹೋಗುತ್ತಿತ್ತಂತೆ. ಅಮ್ಮನ ಮರ್ಯಾದೆ ಮಾತ್ರ...

ನೀನು ತೀರಿಕೊಂಡ ಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಹೋದ ಭಾನುವಾರ ನಿನ್ನ ಮಗ ಸತೀಶ, ತನ್ನ ಮಗುವಿನ ಎದುರೇ, ಹೆಂಡತಿಯ ಕೆನ್ನೆಗೆ ಬಾರಿಸಿದ. ಸುದ್ದಿ ತಿಳಿದು ಮುನಿರಾಜು ಮಾಮ ಬಂದರು. "ಬಾರೋ, ಒಂದ್ ರೌಂಡ್..." ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೂ ಕರ್ಕೊಂಡ್ ಹೋಗ್ಬೇಡಿ ಅಣ್ಣ. ಇಲ್ಲೇ ಕೂತ್ಕೊಳಿ. ಅವಳ ಮುಂದೇನೇ ಕೇಳಿ, ಯಾಕ್ ಹೊಡ್ದೆ ಅಂತ. ದೋಸೆ ಗೀಸೆ ತರ್ಬೇಡಿ. ನೀವು ತಂದಿದ್ರಲ್ಲ, ನಾನು ಒಂದೂ ತಿಂದಿಲ್ಲ."

ಮಾಮ ಕೂತರು. ಕೇಳಿದರು. ಸತೀಶ ನೆಲ ನೋಡುತ್ತಲೇ ಇದ್ದ. ಅವನ ಹೆಂಡತಿ ಮಗುವಿನೊಂದಿಗೆ ಕೆ.ಆರ್. ಪುರದ ತವರಿಗೆ ಹೋಗಿದ್ದಾಳೆ. ಉತ್ತರ ಸಿಕ್ಕಿದ ಮೇಲೆ ಬರುವುದೋ ಬೇಡವೋ ನೋಡುತ್ತಾಳಂತೆ. ಅವಳು ಬಾರದಿದ್ದರೂ ಅಮ್ಮ ಮತ್ತು ನಾನು ಅವಳ ಕಡೆಗೇ ಇರುತ್ತೇವೆ. ಇದನ್ನು ನಿನಗೇ ಹೇಳಬೇಕಿತ್ತು.

ಹೊರಡುವಾಗ ಮಾಮ ಸ್ಕೂಟರ್ ಸ್ಟಾರ್ಟ್ ಮಾಡಿ, ಮತ್ತೆ ಆರಿಸಿ ನನ್ನನ್ನು ಕೇಳಿದರು. "ನಿಮ್ಮಪ್ಪನ್ನ ಅವತ್ತೇ ನಾನು ಹಿಂಗ್ ಕೇಳಿದ್ರೆ, ಏನಾದ್ರೂ ಹೇಳ್ತಿದ್ನೇನಮ್ಮ?"

ನನಗೆ ಗೊತ್ತಿಲ್ಲ ಎಂದೆ. ಹೇಳ್ತಿದ್ದೆಯಾ, ಅಪ್ಪ?